ಬ್ರೆಜಿಲ್, ಇಥಿಯೋಪಿಯಾ, ಫಿನ್ಲೆಂಡ್ ಮಕ್ಕಳ ಜೊತೆ ಸೇರಿ ಕಾಫಿ ವೆಬ್‌ಸೈಟ್: ನಮ್ಮ ಶಾಲೆ ಹೇಗೆ ಶುರು ಮಾಡಬೇಕು?

ಮೂಡಿಗೆರೆ ಮೇಡಂ

ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಶಿಕ್ಷಕರ ಆನ್‌ಲೈನ್ ತರಬೇತಿಯೊಂದರಲ್ಲಿ ಮೂವರು ಹೊರದೇಶದ ಶಿಕ್ಷಕರ ಪರಿಚಯವಾಯಿತು. ಒಬ್ಬರು ಬ್ರೆಜಿಲ್‌ನ ಮಿನಾಸ್ ಜೆರೈಸ್ ರಾಜ್ಯದವರು. ಒಬ್ಬರು ಇಥಿಯೋಪಿಯಾದ ಜಿಮ್ಮಾ ಕಡೆಯವರು. ಇನ್ನೊಬ್ಬರು ಫಿನ್ಲೆಂಡಿನವರು. ನಾಲ್ಕೂ ಶಾಲೆಯ ಒಂಬತ್ತನೇ ತರಗತಿ ವಯಸ್ಸಿನ ಮಕ್ಕಳು ಸೇರಿ ಕಾಫಿಯ ಬಗ್ಗೆ ಒಂದು ವೆಬ್‌ಸೈಟ್ ಕಟ್ಟಬೇಕು ಅಂತ ಮಾತಾಗಿದೆ. ಬೇರೆ ಮಕ್ಕಳು ಓದಿ ಕಲಿಯುವ ಹಾಗಿರಬೇಕು.

ಮೂರು ಊರಲ್ಲಿ ಕಾಫಿ ಬೆಳೆಯುತ್ತಾರೆ. ಫಿನ್ಲೆಂಡಿನಲ್ಲಿ ತೋಟವೇ ಇಲ್ಲ. ಆದರೆ ತಲಾ ಲೆಕ್ಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಕಾಫಿ ಕುಡಿಯುವವರ ಪೈಕಿ ಅವರು ಇದ್ದಾರೆ. ಹಾಗಾಗಿ ಅವರನ್ನೂ ಬೇಕು ಅಂತಲೇ ಸೇರಿಸಿಕೊಂಡೆವು.

ನನ್ನದು ಒಂದೇ ಹಟ. ಒಂದು ದೇಶಕ್ಕೆ ಒಂದು ಮೂಲೆ ಅಂತ ಹಂಚಬಾರದು. ‘ಭಾರತದ ಕಾಫಿ’ ಒಂದು ಪುಟ, ‘ಬ್ರೆಜಿಲ್ ಕಾಫಿ’ ಒಂದು ಪುಟ ಅಂತ ಮಾಡಿದರೆ ಮಕ್ಕಳು ಜೊತೆಯಲ್ಲಿ ಕೆಲಸ ಮಾಡಿದ ಹಾಗಾಗುವುದಿಲ್ಲ. ಅವರವರದು ಅವರವರು ಬರೆದು, ಒಂದೇ ವಿಳಾಸದಲ್ಲಿ ಇಟ್ಟ ಹಾಗಾಗುತ್ತದೆ ಅಷ್ಟೇ. ಪ್ರತಿ ಪುಟವನ್ನೂ ಕಡೇಪಕ್ಷ ಎರಡು ದೇಶದ ಮಕ್ಕಳು ಕೂಡಿ ಬರೆಯಬೇಕು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಪ್ರಶ್ನೆ ಕೇಳಿ ಕೆದಕಬೇಕು.

ಆದರೆ ನಮ್ಮಲ್ಲಿ ಕಂಪ್ಯೂಟರ್ ಕಡಿಮೆ. ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ, ನೆಟ್ಟೂ ಇರುವುದಿಲ್ಲ. ಯಾವ ಭಾಷೆಯಲ್ಲಿ ಬರೆಯಬೇಕು ಅನ್ನುವುದೂ ಇನ್ನೂ ಇತ್ಯರ್ಥ ಆಗಿಲ್ಲ. ಇಂಥ ಕೆಲಸ ಮಾಡಿದವರು, ತೋಟದವರು, ಪೋಷಕರು ದಯವಿಟ್ಟು ಮಾತಾಡಿ.

ಹಾಸನದ ಹಳೇ ವಿದ್ಯಾರ್ಥಿ

ಮೇಡಂ, ನಿಮ್ಮ ಹಟ ಸರಿಯಾಗಿಯೇ ಇದೆ. ಥಿಂಕ್‌ಕ್ವೆಸ್ಟ್ ಅಂತ ಒಂದು ಸ್ಪರ್ಧೆ ಇತ್ತು, ಎಷ್ಟು ಜನಕ್ಕೆ ನೆನಪಿದೆಯೋ ಗೊತ್ತಿಲ್ಲ. 1996ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ಹೈಸ್ಕೂಲು, ಪಿಯುಸಿ ವಯಸ್ಸಿನ ಮಕ್ಕಳು ತಂಡ ಕಟ್ಟಿಕೊಂಡು ಕಲಿಕೆಯ ವೆಬ್‌ಸೈಟ್ ಮಾಡಬೇಕಿತ್ತು. ಬೇರೆ ಬೇರೆ ದೇಶದವರು ಒಂದೇ ತಂಡದಲ್ಲಿ ಸೇರಬಹುದಿತ್ತು. ಪ್ರತಿ ತಂಡಕ್ಕೂ ಮಾರ್ಗದರ್ಶನಕ್ಕೆ ದೊಡ್ಡವರು ಇರುತ್ತಿದ್ದರು, ಆದರೆ ಕೆಲಸ ಮಕ್ಕಳದ್ದೇ.

ನಾನು ಅದರಲ್ಲಿ ಒಂದು ತಂಡದಲ್ಲಿದ್ದೆ. ಆಗ ಹಾಸನದಲ್ಲಿ ಸೈಬರ್ ಕೆಫೆಗೆ ಹೋಗಿ ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ಕೂರಬೇಕಿತ್ತು. ಇನ್ನಿಬ್ಬರು ಬೇರೆ ದೇಶದಲ್ಲಿದ್ದರು. ಅವರ ಮುಖ ನಾನು ನೋಡಿದ್ದೇ ಇಲ್ಲ. ಹೊಯ್ಸಳ ದೇವಸ್ಥಾನದ ಬಗ್ಗೆ ನಾನು ಬರೆದಿದ್ದ ಪುಟ ಓದಿ ಒಬ್ಬಳು ಕೇಳಿದಳು: ‘ಇಷ್ಟು ಸಣ್ಣ ಕೆತ್ತನೆ ಕಲ್ಲಿನಲ್ಲಿ ಹೇಗೆ ಸಾಧ್ಯ? ಕಲ್ಲು ಒಡೆಯುವುದಿಲ್ಲವೇ?’ ಬೇಲೂರಿಗೆ ಎಷ್ಟು ಸಲ ಹೋಗಿದ್ದರೂ ಆ ಪ್ರಶ್ನೆ ನನಗೆ ಬಂದಿರಲಿಲ್ಲ. ಹೋಗಿ ಕೇಳಿ ತಿಳಿದುಕೊಂಡೆ. ಅದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ನಮ್ಮ ಸೈಟಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದ ಪುಟ ಅದೇ.

ಇನ್ನೊಂದು ಮಾತು ಹೇಳಲೇಬೇಕು. ಥಿಂಕ್‌ಕ್ವೆಸ್ಟ್ 2013ರ ಜುಲೈ 1ಕ್ಕೆ ಮುಚ್ಚಿತು. ಜಗತ್ತಿನ ಮಕ್ಕಳು ಮಾಡಿದ ಸಾವಿರಾರು ಸೈಟುಗಳು ಒಂದೇ ಜಾಗದಲ್ಲಿದ್ದವು. ಆ ಗ್ರಂಥಾಲಯವೂ ಅದರ ಜೊತೆಗೇ ಹೋಯಿತು. ಹಳೆಯ ವೆಬ್ ಪುಟಗಳನ್ನು ಕಾಪಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಕೆಲವು ಪುಟಗಳು ಉಳಿದಿವೆ. ಪಠ್ಯ ಸಿಕ್ಕರೂ ಎಷ್ಟೋ ಕಡೆ ಚಿತ್ರ ಸಿಗುವುದಿಲ್ಲ. ಮಕ್ಕಳ ಕೆಲಸವನ್ನು ಬೇರೆಯವರ ಮನೆಯಲ್ಲಿ ಮಾತ್ರ ಇಡಬೇಡಿ. ಒಂದು ಪ್ರತಿ ನಿಮ್ಮ ಶಾಲೆಯಲ್ಲೇ ಇರಲಿ.

ಸಕಲೇಶಪುರ ವೆಬ್

ನಾನು ವೆಬ್‌ಸೈಟ್ ಮಾಡುವ ಕೆಲಸದಲ್ಲೇ ಇದ್ದೇನೆ. ಮೇಲಿನವರು ಹೇಳಿದ್ದಕ್ಕೆ ನನ್ನದೂ ದನಿ.

ಸೈಟು ಸರಳವಾಗಿರಲಿ. ಬರೀ ಎಚ್‌ಟಿಎಂಎಲ್ (ವೆಬ್ ಪುಟ ಬರೆಯುವ ಮೂಲ ಭಾಷೆ) ಪುಟಗಳು ಸಾಕು. ಡೇಟಾಬೇಸ್ ಬೇಡ, ಲಾಗಿನ್ ಬೇಡ, ಓಡಾಡುವ ಚಿತ್ರ ಬೇಡ. ಸರಳ ಪುಟ ಹತ್ತು ವರ್ಷ ಆದರೂ ತೆರೆಯುತ್ತದೆ. ವೆಬ್‌ಸೈಟ್ ಇಡಲು ಜಾಗ ಕೊಡುವ ಗಿಟ್‌ಹಬ್ ಪೇಜಸ್‌ನಲ್ಲಿ ಹಾಕಿದರೆ ದುಡ್ಡು ಕೊಡಬೇಕಿಲ್ಲ. ಅದಕ್ಕಿಂತ ದೊಡ್ಡ ಲಾಭ ಅಂದರೆ ಪ್ರತಿ ಬದಲಾವಣೆಯೂ ದಾಖಲಾಗುತ್ತದೆ. ಜಿಮ್ಮಾದ ಹುಡುಗ ನಿಮ್ಮ ಹುಡುಗಿಯ ಪುಟದಲ್ಲಿ ಏನು ತಿದ್ದಿದ ಅಂತ ಆಮೇಲೂ ನೋಡಬಹುದು. ಇಡೀ ಸೈಟನ್ನು ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಇಟ್ಟರೆ ನೆಟ್ ಇಲ್ಲದ ಶಾಲೆಯಲ್ಲೂ ಓದಬಹುದು. ನಮ್ಮ ಮಲೆನಾಡಿನ ಎಷ್ಟೋ ಶಾಲೆಗೆ ಇದೇ ದಾರಿ.

ಚಿತ್ರದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಫೋನಿನಲ್ಲಿ ತೆಗೆದ ಒಂದು ಫೋಟೋ 4-5 ಎಂಬಿ ಇರುತ್ತದೆ. ಅದನ್ನು ಹಾಗೇ ಏರಿಸಿದರೆ ಜಿಮ್ಮಾದಲ್ಲೂ ತೆರೆಯುವುದಿಲ್ಲ, ನಿಮ್ಮ ಊರಲ್ಲೂ ತೆರೆಯುವುದಿಲ್ಲ. 200 ಕೆಬಿ ಒಳಗೆ ಇಳಿಸಿ. ಪ್ರತಿ ಚಿತ್ರದ ಜೊತೆ ಅದರಲ್ಲಿ ಏನಿದೆ ಅಂತ ಒಂದು ಸಾಲು ಬರೆಯಿಸಿ. ಕಣ್ಣು ಕಾಣದ ಮಕ್ಕಳ ಸ್ಕ್ರೀನ್ ರೀಡರ್ ಆ ಸಾಲನ್ನೇ ಓದುತ್ತದೆ. ಚಿತ್ರ ಇಳಿಯದೇ ಹೋದರೂ ಆ ಸಾಲು ಕಾಣುತ್ತದೆ.

ಕನ್ನಡವನ್ನು ಯೂನಿಕೋಡ್‌ನಲ್ಲೇ (ಎಲ್ಲ ಕಂಪ್ಯೂಟರಿನಲ್ಲೂ ಸರಿಯಾಗಿ ಕಾಣುವ ಅಕ್ಷರ ವ್ಯವಸ್ಥೆ) ಟೈಪ್ ಮಾಡಿಸಿ. ಹಳೆಯ ‘ನುಡಿ’ ತಂತ್ರಾಂಶದ ಫೈಲುಗಳಿಂದ ನೇರ ನಕಲು ಮಾಡಿದರೆ ವೆಬ್‌ನಲ್ಲಿ ಅರ್ಥವಿಲ್ಲದ ಅಕ್ಷರ ಬರುತ್ತದೆ. ಮೊದಲು ಪರಿವರ್ತನೆ ಮಾಡಿಕೊಳ್ಳಬೇಕು.

ಆಲ್ದೂರು ಲೈನ್ ಮನೆ

ನಾನು ಮೇಷ್ಟ್ರೂ ಅಲ್ಲ, ಇಂಜಿನಿಯರೂ ಅಲ್ಲ. ಅಪ್ಪ ಅಮ್ಮ ತೋಟದಲ್ಲಿ ಕೂಲಿ ಮಾಡಿದವರು. ಕೂಲಿಯವರಿಗೆ ತೋಟದಲ್ಲಿ ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ಬೆಳೆದೆ, ಈಗ ಚಿಕ್ಕಮಗಳೂರಿನಲ್ಲಿ ಕೆಲಸ.

ಮೇಡಂ, ಒಂದು ವಿನಂತಿ. ಕಾಫಿ ಬಗ್ಗೆ ಏನೇ ಮಾಡಿದರೂ ಬೆಟ್ಟ, ಮಂಜು, ಹೂವು, ಕಪ್ಪು ಇಷ್ಟೇ ಬರುತ್ತದೆ. ಕೊಯ್ಯುವವರು ಬರುವುದಿಲ್ಲ. ಬಂದರೂ ಬುಟ್ಟಿ ಹಿಡಿದು ನಗುವ ಒಂದು ಹೆಂಗಸಿನ ಫೋಟೋ ಅಷ್ಟೇ. ಕೊಯ್ಲಿನ ಪುಟವನ್ನು ಲೈನ್ ಮನೆ ಮಕ್ಕಳ ಕೈಯಲ್ಲೇ ಬರೆಯಿಸಿ. ಅವರಿಗೆ ಗೊತ್ತಿರುವುದು ಬೇರೆ ಯಾರಿಗೂ ಗೊತ್ತಿಲ್ಲ. ಬೆಳಿಗ್ಗೆ ಇಬ್ಬನಿಯಲ್ಲಿ ಸೀರೆ ಹೇಗೆ ಒದ್ದೆಯಾಗುತ್ತದೆ, ಹಣ್ಣು ಮಾತ್ರ ಆರಿಸಿ ಕೊಯ್ಯುವುದಕ್ಕೂ ಕಾಯಿ ಹಣ್ಣು ಒಟ್ಟಿಗೆ ಎಳೆಯುವುದಕ್ಕೂ ಏನು ವ್ಯತ್ಯಾಸ, ಸಂಜೆ ತೂಕ ಹಾಕುವಾಗ ಅಮ್ಮ ಯಾಕೆ ತಕ್ಕಡಿಯನ್ನೇ ದಿಟ್ಟಿಸಿ ನೋಡುತ್ತಾಳೆ. ಈಗ ಅಸ್ಸಾಮಿನಿಂದಲೂ ಕುಟುಂಬಗಳು ಬಂದಿವೆ. ಅವರ ಮಕ್ಕಳು ನಿಮ್ಮ ತರಗತಿಯಲ್ಲಿದ್ದರೆ ಅವರನ್ನೂ ಸೇರಿಸಿಕೊಳ್ಳಿ.

ಬ್ರೆಜಿಲ್‌ನಲ್ಲಿ ಬಯಲು ಜಾಗದ ತೋಟಗಳಲ್ಲಿ ಯಂತ್ರ ಕೊಯ್ಯುತ್ತದೆ. ಗಿಡದ ಸಾಲಿನ ಮೇಲೆಯೇ ಹಾದು ಹೋಗಿ ಕಾಯಿ ಉದುರಿಸುತ್ತದೆ. ನಮ್ಮಲ್ಲಿ ಇಳಿಜಾರು, ಮರದ ನೆರಳು, ಅದು ಆಗುವುದಿಲ್ಲ. ನಮ್ಮ ಮಕ್ಕಳು ಆ ಮಕ್ಕಳಿಗೆ ಕೇಳಲಿ: ಯಂತ್ರ ಬಂದ ಮೇಲೆ ಕೊಯ್ಯುತ್ತಿದ್ದವರು ಎಲ್ಲಿಗೆ ಹೋದರು? ಇದಕ್ಕೆ ಉತ್ತರ ನನಗೂ ಬೇಕು.

ಫೋಟೋಗೆ ಅಂತ ಮಕ್ಕಳನ್ನು ಕೊಯ್ಲಿಗೆ ನಿಲ್ಲಿಸಬೇಡಿ. ಅವರು ಬರೆಯುವವರು, ಕೂಲಿಗಳಲ್ಲ.

ಮೂಡಿಗೆರೆ ಮೇಡಂ

ಆಲ್ದೂರಿನವರೇ, ನಿಮ್ಮ ಮಾತು ಓದಿ ಬಹಳ ಹೊತ್ತು ಸುಮ್ಮನೆ ಕೂತೆ. ಕೊಯ್ಲಿನ ಪುಟ ನೀವು ಹೇಳಿದ ಹಾಗೆಯೇ ಆಗುತ್ತದೆ. ನಿಮ್ಮ ಪ್ರಶ್ನೆಯನ್ನು ಬ್ರೆಜಿಲ್ ಶಿಕ್ಷಕಿಗೆ ಇವತ್ತೇ ಕಳಿಸಿದ್ದೇನೆ.

ಬಾಳೆಹೊನ್ನೂರು ತೋಟ

ವಿಷಯ ಆರಿಸುವಾಗ ರೋಗ, ಕೀಟ ಬಿಡಬೇಡಿ. ಜೊತೆಯಾಗಿ ಬರೆಯಲು ಅದಕ್ಕಿಂತ ಒಳ್ಳೆ ವಿಷಯ ಇಲ್ಲ.

ಎಲೆ ತುಕ್ಕು ತೆಗೆದುಕೊಳ್ಳಿ. ಎಲೆಯ ಕೆಳಗೆ ಕಿತ್ತಳೆ ಬಣ್ಣದ ಪುಡಿ ಕಾಣುತ್ತದೆ, ಆಮೇಲೆ ಎಲೆ ಉದುರುತ್ತದೆ. 1869ರಲ್ಲಿ ಶ್ರೀಲಂಕಾದಲ್ಲಿ ಕಂಡಿತು. ಅಲ್ಲಿನ ಕಾಫಿ ತೋಟಗಳು ನೆಲಕಚ್ಚಿದವು, ಆ ಜಾಗಕ್ಕೆಲ್ಲ ಟೀ ಬಂತು. ಸ್ವಲ್ಪದರಲ್ಲೇ ನಮ್ಮ ಕಡೆಗೂ ಬಂತು. ಬ್ರೆಜಿಲ್‌ಗೆ ಮುಟ್ಟಿದ್ದು ಮಾತ್ರ ನೂರು ವರ್ಷದ ಮೇಲೆ, 1970ರಲ್ಲಿ. ಒಂದೇ ರೋಗವನ್ನು ಎರಡು ದೇಶ ಬೇರೆ ಬೇರೆ ಕಾಲದಲ್ಲಿ ಎದುರಿಸಿದವು. ನಮ್ಮಲ್ಲಿ ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ನೆರಳು ಹದ ಮಾಡಲು ಮರಗಸಿ, ಅಂದರೆ ಮರದ ಕೊಂಬೆ ಸವರುವ ಕೆಲಸ, ಮಾಡುತ್ತೇವೆ. ನೆರಳೇ ಇಲ್ಲದ ಅವರ ತೋಟದಲ್ಲಿ ಏನು ಮಾಡುತ್ತಾರೆ? ಮಕ್ಕಳು ಕೇಳಲಿ.

ಹಾಗೆಯೇ ಒಬ್ಬರಲ್ಲಿ ಇದ್ದು ಇನ್ನೊಬ್ಬರಲ್ಲಿ ಇಲ್ಲದ್ದು ಇದೆ. ಬಿಳಿ ಕಾಂಡಕೊರಕ ಅನ್ನುವ ಕೀಟ ನಮ್ಮ ಅರೇಬಿಕಾ ಜಾತಿಯ ಕಾಫಿಗೆ ದೊಡ್ಡ ಶತ್ರು, ಬ್ರೆಜಿಲ್‌ನಲ್ಲಿ ಅದಿಲ್ಲ. ಕಾಫಿ ಬೆರ್ರಿ ಡಿಸೀಸ್ ಅನ್ನುವ ಕಾಯಿ ಕೊಳೆಸುವ ರೋಗ ಆಫ್ರಿಕಾದಲ್ಲಿ ಮಾತ್ರ ಇದೆ. ಇಥಿಯೋಪಿಯಾದಲ್ಲಿ 1971ರಲ್ಲಿ ಕಾಣಿಸಿಕೊಂಡಿತು. ನಮ್ಮ ಮಕ್ಕಳು ಅದನ್ನು ನೋಡಿಯೇ ಇಲ್ಲ, ನೋಡಬಾರದು ಕೂಡ.

ಈ ಕಾರಣಕ್ಕೇ ಒಂದು ಎಚ್ಚರಿಕೆ ಹೇಳುತ್ತೇನೆ, ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಮಕ್ಕಳು ಸ್ನೇಹದಲ್ಲಿ ಬೀಜ, ಎಲೆ, ಮಣ್ಣು ಅಂಚೆಯಲ್ಲಿ ಕಳಿಸಿಕೊಳ್ಳಲು ಹೊರಡುತ್ತಾರೆ. ಖಂಡಿತ ಬೇಡ. ಗಿಡ, ಬೀಜದ ಜೊತೆ ಹೊರಗಿನ ರೋಗ ಬರದಂತೆ ತಡೆಯಲು ಸಸ್ಯ ಕ್ವಾರಂಟೈನ್ ನಿಯಮ ಇದೆ. ಒಂದು ಪೊಟ್ಟಣದಲ್ಲಿ ಬಂದ ಶಿಲೀಂಧ್ರ ಇಡೀ ಜಿಲ್ಲೆಯನ್ನು ತಿನ್ನಬಹುದು. ಫೋಟೋ ಕಳಿಸಿಕೊಳ್ಳಲಿ, ಚಿತ್ರ ಬರೆದು ಕಳಿಸಿಕೊಳ್ಳಲಿ. ಇದನ್ನೇ ಒಂದು ಪುಟ ಮಾಡಬಹುದು.

ನಮ್ಮ ಬಾಳೆಹೊನ್ನೂರು ಹತ್ತಿರ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆ ಇದೆ, 1925ರಿಂದ. ಶಾಲೆಯಿಂದ ಪತ್ರ ಬರೆದು, ಅನುಮತಿ ಪಡೆದು ಮಕ್ಕಳನ್ನು ಕರೆದುಕೊಂಡು ಹೋಗಿ. ಮಕ್ಕಳು ಬರೆದ ರೋಗದ ಪುಟವನ್ನು ತಿಳಿದವರೊಬ್ಬರು ಓದಿ ಸರಿ ಇದೆ ಅನ್ನಬೇಕು. ತಪ್ಪು ಔಷಧದ ಪ್ರಮಾಣ ನೆಟ್‌ನಲ್ಲಿ ಹಾಕಿದರೆ ಯಾರೋ ಅದನ್ನೇ ನಂಬಿ ಹೊಡೆಯುತ್ತಾರೆ. ಪ್ರಮಾಣ ಬರೆಯದೇ ಇದ್ದರೆ ಇನ್ನೂ ಒಳ್ಳೆಯದು.

ಅರಸೀಕೆರೆ ಅಮ್ಮ

ನನ್ನ ಮಗಳೂ ಒಂಬತ್ತನೇ ತರಗತಿ. ಇಂಥದ್ದೊಂದು ಅವಳ ಶಾಲೆಗೆ ಬಂದರೆ ನಾನು ಮೊದಲು ಕೇಳುವುದು ಒಂದೇ. ಅವಳ ಫೋಟೋ, ಹೆಸರು, ಶಾಲೆ ಹೆಸರು ಎಲ್ಲಾ ಒಂದೇ ಕಡೆ ಹಾಕುತ್ತೀರಾ? ಯಾರು ಬೇಕಾದರೂ ನೋಡಬಹುದು ಅಲ್ವಾ? ಹೊರದೇಶದವರ ಜೊತೆ ಚಾಟ್ ಅಂದರೆ ನಮ್ಮ ಮನೆಯಲ್ಲಿ ಅವಳ ಅಜ್ಜಿಯೂ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ.

ಸಕಲೇಶಪುರ ವೆಬ್

@ಅರಸೀಕೆರೆ ಅಮ್ಮ, ಕೇಳಬೇಕಾದ್ದನ್ನೇ ಕೇಳಿದ್ದೀರಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಕಾನೂನು ಬದಿಗಿರಲಿ, ಈ ಕೆಲಸಕ್ಕೆ ಮುಖ ಬೇಕಾಗಿಯೇ ಇಲ್ಲ. ಕೈ, ಗಿಡ, ಕಣ, ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರ ಇವುಗಳ ಫೋಟೋ ಸಾಕು. ಹೆಸರಿನ ಬದಲು ಮಕ್ಕಳೇ ಆರಿಸಿಕೊಂಡ ಒಂದು ಹಕ್ಕಿ ಹೆಸರೋ ಮರದ ಹೆಸರೋ ಇರಲಿ. ಮಕ್ಕಳ ಸ್ವಂತ ನಂಬರಿನಿಂದ ಯಾವ ಮಾತುಕತೆಯೂ ಬೇಡ. ಎಲ್ಲಾ ಪ್ರಶ್ನೆ ಉತ್ತರ ಶಾಲೆಯ ಒಂದೇ ಖಾತೆಯಿಂದ ಹೋಗಲಿ, ಶಿಕ್ಷಕರು ಓದಿಯೇ ಕಳಿಸಲಿ. ಫೋನಿನ ಫೋಟೋದಲ್ಲಿ ತೆಗೆದ ಜಾಗದ ಗುರುತು ಅಡಗಿ ಕೂತಿರಬಹುದು. ಏರಿಸುವ ಮೊದಲು ಅದನ್ನೂ ಅಳಿಸಬೇಕು.

ಅರಸೀಕೆರೆ ಅಮ್ಮ

ಹೀಗೆ ಮೊದಲೇ ಬರೆದು ಮನೆಗೆ ಕಳಿಸಿದರೆ ನಾನು ಸಹಿ ಹಾಕುತ್ತೇನೆ. ಕನ್ನಡದಲ್ಲಿ ಕಳಿಸಿ. ಇಂಗ್ಲಿಷ್ ಒಪ್ಪಿಗೆ ಪತ್ರಕ್ಕೆ ಓದದೇ ಸಹಿ ಹಾಕುವವರೇ ಜಾಸ್ತಿ.

ಕಡೂರು ಸಮಾಜ ಮೇಷ್ಟ್ರು

ನನ್ನದು ಸ್ವಲ್ಪ ಬೇರೆ ಮಾತು. ಚಿಕ್ಕಮಗಳೂರು ಅಂದರೆ ಕಾಫಿ ಮಾತ್ರ ಅನ್ನುವ ಹಾಗಾಗಿದೆ. ನಮ್ಮ ಕಡೂರು, ತರೀಕೆರೆ ಕಡೆ ತೆಂಗು, ಈರುಳ್ಳಿ, ರಾಗಿ. ಮಳೆ ಕಾಯುವುದೇ ನಮ್ಮ ಪಾಡು. ನಮ್ಮ ಮಕ್ಕಳಿಗೂ ಇಂಥ ಅವಕಾಶ ಬೇಕು.

ಇನ್ನೊಂದು, ಹತ್ತನೇ ತರಗತಿ ಮಕ್ಕಳನ್ನು ಇದಕ್ಕೆ ಎಳೆಯಬೇಡಿ. ಮಾರ್ಚ್ ಪರೀಕ್ಷೆ ತಲೆಯ ಮೇಲಿರುತ್ತದೆ. ಒಂಬತ್ತನೇ ತರಗತಿ ಸರಿ. ಆದರೆ ನಾಲ್ಕು ದೇಶದ ಶಾಲೆಗಳು ಒಟ್ಟಿಗೆ ತೆರೆದಿರುವ ತಿಂಗಳು ಯಾವುವು ಅಂತ ಮೊದಲು ಲೆಕ್ಕ ಹಾಕಿ. ನಮ್ಮದು ಜೂನ್‌ನಿಂದ ಏಪ್ರಿಲ್ ಶುರುವಿನವರೆಗೆ, ನಡುವೆ ದಸರಾ ರಜೆ. ಬ್ರೆಜಿಲ್‌ನಲ್ಲಿ ಫೆಬ್ರವರಿಯಿಂದ ಡಿಸೆಂಬರ್. ಫಿನ್ಲೆಂಡ್‌ನಲ್ಲಿ ಆಗಸ್ಟ್ ನಡುವಿನಿಂದ ಜೂನ್ ಮೊದಲವರೆಗೆ. ಇಥಿಯೋಪಿಯಾದಲ್ಲಿ ಹೊಸ ವರ್ಷವೇ ಸೆಪ್ಟೆಂಬರ್ 11ರ ಸುಮಾರಿಗೆ, ಶಾಲೆ ಅದೇ ಹೊತ್ತಿಗೆ ಶುರು. ಫೆಬ್ರವರಿ, ಮಾರ್ಚ್‌ನಲ್ಲೂ ನಾಲ್ಕೂ ಕಡೆ ಶಾಲೆ ಇರುತ್ತದೆ, ಆದರೆ ಆಗ ನಮ್ಮಲ್ಲಿ ಪರೀಕ್ಷೆಯ ಹೊತ್ತು. ಹಾಗಾಗಿ ಎಲ್ಲರಿಗೂ ಕೂಡಿ ಬರುವುದು ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಕೊನೆ ಅಷ್ಟೇ. ಆ ಎರಡು ತಿಂಗಳಲ್ಲಿ ಆಗುವಷ್ಟೇ ಪುಟ ಇಟ್ಟುಕೊಳ್ಳಿ.

ಎಸ್ಪೋ ಕನ್ನಡತಿ

ನಾನು ಚಿಕ್ಕಮಗಳೂರಿನವಳು, ಈಗ ಫಿನ್ಲೆಂಡ್‌ನ ಎಸ್ಪೋದಲ್ಲಿದ್ದೇನೆ. ಗಂಟೆಯ ಲೆಕ್ಕ ನಾನು ಹೇಳುತ್ತೇನೆ. ಮಕ್ಕಳು ಎಲ್ಲರೂ ಒಟ್ಟಿಗೆ ವಿಡಿಯೋದಲ್ಲಿ ಸೇರಬೇಕು ಅಂದರೆ ನಿಮಗೆ ಸಂಜೆ ಆರೂವರೆ ಸರಿ ಹೋಗುತ್ತದೆ. ಆಗ ಬ್ರೆಜಿಲ್‌ನಲ್ಲಿ ಬೆಳಿಗ್ಗೆ ಹತ್ತು. ಇಥಿಯೋಪಿಯಾದಲ್ಲಿ ಸಂಜೆ ನಾಲ್ಕು. ಇಲ್ಲಿಯೂ ನಾಲ್ಕು. ಆದರೆ ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆಮೇಲೆ ನಿಮ್ಮ ಆರೂವರೆ ಅಂದರೆ ಇಲ್ಲಿ ಮೂರು. ನಿಮ್ಮ ಯೋಜನೆ ನಡೆಯುವುದೇ ಆ ಹೊತ್ತಲ್ಲಿ, ಮರೆಯಬೇಡಿ.

ಇಥಿಯೋಪಿಯಾದ ಲೆಕ್ಕ ಇನ್ನೂ ಬೇರೆ. ಅವರು ಹಗಲಿನ ಗಂಟೆಯನ್ನು ಬೆಳಿಗ್ಗೆ ಆರರಿಂದ ಎಣಿಸುತ್ತಾರೆ. ನಮ್ಮ ಬೆಳಿಗ್ಗೆ ಏಳು ಅವರಿಗೆ ಒಂದು. ಸಂಜೆ ನಾಲ್ಕು ಅವರ ಮಾತಿನಲ್ಲಿ ಹತ್ತು. ಅಂದರೆ ನಿಮ್ಮ ಸಭೆಯ ಹೊತ್ತಿಗೆ ಬ್ರೆಜಿಲ್ ಮಕ್ಕಳೂ ಹತ್ತು ಗಂಟೆ ಅನ್ನುತ್ತಾರೆ, ಜಿಮ್ಮಾದ ಮಕ್ಕಳೂ ಹತ್ತು ಗಂಟೆ ಅನ್ನುತ್ತಾರೆ! ಅವರ ಪಂಚಾಂಗದಲ್ಲಿ 13 ತಿಂಗಳು, ವರ್ಷವೂ ನಮ್ಮದಕ್ಕಿಂತ 7-8 ಹಿಂದೆ. ಇಸವಿ ಬರೆಯುವಾಗ ಯಾವ ಲೆಕ್ಕ ಅಂತ ಕೇಳಿಕೊಳ್ಳಿ. ಇದು ಮಕ್ಕಳಿಗೆ ಎಷ್ಟು ಖುಷಿ ಕೊಡುತ್ತದೆ ನೋಡಿ, ಇದನ್ನೂ ಒಂದು ಪುಟ ಮಾಡಬಹುದು.

ಇಲ್ಲಿನ ಮಕ್ಕಳಿಗೆ ಏನು ಕೆಲಸ ಅಂತ ಯೋಚಿಸಿದ್ದೀರಾ? ಅಂಗಡಿಗೆ ಹೋಗಿ ಕಾಫಿ ಪ್ಯಾಕೆಟ್ ಓದಲಿ. ಯಾವ ದೇಶದ ಬೀಜ ಅಂತ ಬರೆದಿದೆಯಾ, ತೋಟದ ಹೆಸರಿದೆಯಾ, ಬೆಲೆ ಎಷ್ಟು. ಬೀಜ ಎಷ್ಟು ಹುರಿದಿದ್ದಾರೆ ಅಂತಲೂ ನೋಡಲಿ, ಇಲ್ಲಿ ತಿಳಿಯಾಗಿ ಹುರಿದದ್ದೇ ಇಷ್ಟ. ನಮ್ಮ ಚಿಕೋರಿ ಬೆರೆಸಿದ ಫಿಲ್ಟರ್ ಕಾಫಿ ಬಗ್ಗೆ ಕೇಳಿದರೆ ಇಲ್ಲಿ ಕಣ್ಣರಳಿಸುತ್ತಾರೆ. ಪ್ಯಾಕೆಟ್ಟಿನ ಬೆಲೆ ಒಂದು ಕಡೆ, ಕೊಯ್ದವರ ಕೂಲಿ ಒಂದು ಕಡೆ ಇಟ್ಟು ಆಲ್ದೂರಿನವರು ಹೇಳಿದ ಪುಟವನ್ನು ಇಲ್ಲಿನ ಮಕ್ಕಳೂ ನಿಮ್ಮ ಮಕ್ಕಳೂ ಸೇರಿ ಬರೆಯಲಿ.

ಬೇಲೂರು ಪಿಯುಸಿ

ನಾನು ಪಿಯುಸಿ ಓದುತ್ತಿದ್ದೇನೆ. ಹೈಸ್ಕೂಲಿನಲ್ಲಿ ನಮ್ಮ ಗುಂಪಿಗೂ ಒಂದು ವೆಬ್‌ಸೈಟ್ ಪ್ರಾಜೆಕ್ಟ್ ಕೊಟ್ಟಿದ್ದರು. ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದ ಒಬ್ಬ ಹುಡುಗ ಪೂರ್ತಿ ಮಾಡಿದ. ಉಳಿದವರ ಹೆಸರು ಕೊನೆಯಲ್ಲಿ ಹಾಕಿದರು. ಬಹುಮಾನವೂ ಬಂತು. ನಾನು ಕಲಿತದ್ದು ಏನೂ ಇಲ್ಲ. ಇದು ಈಗಲೂ ನನಗೆ ಬೇಜಾರು.

ಅದಕ್ಕೇ ಹೇಳುತ್ತೇನೆ, ಕಂಪ್ಯೂಟರ್ ಕೆಲಸವನ್ನೇ ದೊಡ್ಡದು ಮಾಡಬೇಡಿ. ಅಜ್ಜನನ್ನು ಮಾತಾಡಿಸಿ ಬರೆದುಕೊಂಡು ಬರುವುದು, ಚಿತ್ರ ಬಿಡಿಸುವುದು, ಬೇರೆ ದೇಶದ ಪುಟ ಓದಿ ಪ್ರಶ್ನೆ ಹಾಕುವುದು ಇವೆಲ್ಲ ಅಷ್ಟೇ ತೂಕದ ಕೆಲಸ ಆಗಬೇಕು. ಟೈಪ್ ಮಾಡುವವರು ವಾರ ವಾರ ಬದಲಾಗಲಿ. ನಿಧಾನ ಆಗುತ್ತದೆ, ಆಗಲಿ.

ಆಮೇಲೆ ಎಐ. ಈಗ ಎಲ್ಲರೂ ಫೋನಿನಲ್ಲಿ ಕೇಳಿ ಹಾಗೇ ಅಂಟಿಸುತ್ತಾರೆ. ‘ಕಾಫಿ ಒಂದು ಜನಪ್ರಿಯ ಪಾನೀಯ’ ಅಂತ ಶುರುವಾಗುವ ಪುಟ ಓದಲು ಯಾರಿಗೂ ಬೇಕಿಲ್ಲ. ಒಂದು ನಿಯಮ ಇಡಿ. ಪ್ರತಿ ಪುಟದಲ್ಲೂ ಆ ಮಗು ತಾನೇ ನೋಡಿದ್ದು ಅಥವಾ ತಾನೇ ಕೇಳಿ ತಿಳಿದದ್ದು ಒಂದಾದರೂ ಇರಲೇಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುವಾಗ ಏನು ಪರಿಮಳ ಬರುತ್ತದೆ ಅಂತ ಯಾವ ಎಐಗೂ ನಮ್ಮ ಮಕ್ಕಳೇ ಹೇಳಿಕೊಡಬೇಕು.

ಹಾಸನದ ಹಳೇ ವಿದ್ಯಾರ್ಥಿ

@ಬೇಲೂರು ಪಿಯುಸಿ, ಈ ನಿಯಮ ನಮ್ಮ ಕಾಲದಲ್ಲಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಆಗ ಎನ್‌ಸೈಕ್ಲೋಪೀಡಿಯಾ ನೋಡಿ ಇಳಿಸುತ್ತಿದ್ದರು, ಈಗ ಎಐ.

ಭಾಷೆಯ ಬಗ್ಗೆ ಯಾರೂ ಮಾತಾಡಿಲ್ಲ. ನನ್ನ ಅಭಿಪ್ರಾಯ ಇಂಗ್ಲಿಷ್ ಒಂದೇ ಇರಲಿ. ನಾಲ್ಕು ಭಾಷೆ ಇಟ್ಟರೆ ಎರಡು ತಿಂಗಳಲ್ಲಿ ಮುಗಿಯುವುದಿಲ್ಲ.

ಕಡೂರು ಸಮಾಜ ಮೇಷ್ಟ್ರು

ಒಪ್ಪಲಾರೆ. ಇಂಗ್ಲಿಷ್ ಒಂದೇ ಅಂದ ಕೂಡಲೇ ಆಲ್ದೂರಿನವರು ಹೇಳಿದ ಮಕ್ಕಳು ಹಿಂದೆ ಸರಿಯುತ್ತಾರೆ. ಮಾತಾಡುವುದು ಮತ್ತೆ ಅದೇ ಇಬ್ಬರು ಮೂವರು. ಮಗು ಕನ್ನಡದಲ್ಲಿ ಬರೆಯಲಿ. ಬ್ರೆಜಿಲ್ ಮಗು ಪೋರ್ಚುಗೀಸ್‌ನಲ್ಲಿ ಬರೆಯಲಿ. ಜಿಮ್ಮಾದ ಮಕ್ಕಳಿಗೆ ಒರೋಮೋ ಹತ್ತಿರವಾಗಿದ್ದರೆ ಅದರಲ್ಲೇ. ನಡುವೆ ಇಂಗ್ಲಿಷ್ ಒಂದು ಸೇತುವೆ ಆಗಿರಲಿ, ಸಣ್ಣ ಸಣ್ಣ ವಾಕ್ಯದಲ್ಲಿ. ಯಂತ್ರದ ಅನುವಾದ ಬಳಸಿದರೆ ಆ ಭಾಷೆ ಬಲ್ಲ ಒಬ್ಬರು ಓದಿಯೇ ಹಾಕಲಿ. ಕೊನೆಗೆ ಈ ಸೈಟನ್ನು ಓದಬೇಕಾದವರು ಯಾರು? ಕೊಪ್ಪ, ಸಕಲೇಶಪುರ, ಸೋಮವಾರಪೇಟೆಯ ಮಕ್ಕಳೂ ಅಲ್ವಾ? ಜಿಮ್ಮಾದ ತೋಟದ ಬಗ್ಗೆ ಅವರು ಕನ್ನಡದಲ್ಲಿ ಓದಲು ಈಗ ಏನಿದೆ?

ಕಾಫಿ ಬೇಡ ಅಂತ ನಾನು ಹೇಳಿರಲಿಲ್ಲ, ನಮ್ಮನ್ನು ಮರೆಯಬೇಡಿ ಅಂದೆ. ಈಗ ಯೋಚಿಸಿದರೆ ಇತಿಹಾಸದ ಕಡೆಯಿಂದ ಒಂದು ಪುಟ ಹೊಳೆಯುತ್ತಿದೆ. ಅರೇಬಿಕಾ ಹುಟ್ಟಿದ್ದು ಇಥಿಯೋಪಿಯಾದ ಕಾಡಿನಲ್ಲಿ. ಅಲ್ಲಿಂದ ಯೆಮೆನ್‌ಗೆ ಹೋಯಿತು. 17ನೇ ಶತಮಾನದಲ್ಲಿ ಬಾಬಾಬುಡನ್ ಅವರು ಏಳು ಬೀಜ ತಂದು ನಮ್ಮ ಗಿರಿಯಲ್ಲಿ ನೆಟ್ಟರು ಅನ್ನುವ ಕಥೆ ಎಲ್ಲರಿಗೂ ಗೊತ್ತು. ಮುಂದಿನದು ಬಹಳ ಜನಕ್ಕೆ ಗೊತ್ತಿಲ್ಲ. 1690ರ ದಶಕದಲ್ಲಿ ಡಚ್ಚರು ಮಲಬಾರ್ ತೀರದಿಂದ ಜಾವಾಕ್ಕೆ ಕಾಫಿ ಸಸಿ ಒಯ್ದರು. ಜಾವಾದಿಂದ 1706ರಲ್ಲಿ ಆಮ್‌ಸ್ಟರ್‌ಡ್ಯಾಮ್. ಅಲ್ಲಿಂದ ಪ್ಯಾರಿಸ್‌ಗೂ ಅಮೆರಿಕ ಖಂಡದ ವಸಾಹತುಗಳಿಗೂ, 1727ರಲ್ಲಿ ಬ್ರೆಜಿಲ್‌ಗೆ. ಅಂದರೆ ಇಥಿಯೋಪಿಯಾದ ಗಿಡ ಭಾರತದ ಕರಾವಳಿಯ ಮೂಲಕ ಬ್ರೆಜಿಲ್‌ವರೆಗೆ ನಡೆದಿದೆ. ಈ ಒಂದು ಪುಟವನ್ನು ಯಾವ ಒಂದು ದೇಶದ ಮಕ್ಕಳೂ ಒಬ್ಬರೇ ಬರೆಯಲಾರರು.

ಆದರೆ ಕಥೆ ಯಾವುದು, ದಾಖಲೆ ಯಾವುದು ಅಂತ ಬೇರೆ ಬೇರೆ ಬಣ್ಣದಲ್ಲಿ ತೋರಿಸಿ. ಇಥಿಯೋಪಿಯಾದಲ್ಲಿ ಕಾಲ್ಡಿ ಅನ್ನುವ ಆಡು ಕಾಯುವವನ ಕಥೆ ಇದೆ. ಹಣ್ಣು ತಿಂದ ಆಡುಗಳು ಕುಣಿದಾಡಿದ್ದನ್ನು ನೋಡಿ ಅವನು ಕಾಫಿ ಕಂಡುಕೊಂಡನಂತೆ. ನಮ್ಮ ಏಳು ಬೀಜವೂ ಕಥೆಯೇ. ಎರಡನ್ನೂ ಪ್ರೀತಿಯಿಂದ ಹೇಳಲಿ, ಆದರೆ ಕಥೆ ಅಂತಲೇ ಹೇಳಲಿ.

ಬೇಲೂರು ಪಿಯುಸಿ

ಸರ್, ಈ ಪುಟದ ಭೂಪಟ ನಾನು ಬಿಡಿಸಿ ಕೊಡಲಾ? ಗೂಗಲ್‌ನಿಂದ ತೆಗೆದರೆ ಅದು ಬೇರೆಯವರ ಹಕ್ಕಿನದು ಆಗಿರುತ್ತದೆ.

ಸಕಲೇಶಪುರ ವೆಬ್

ಸರಿಯಾದ ಮಾತು. ಸ್ವಂತ ಚಿತ್ರ ಇದ್ದರೆ ಅತಿ ಒಳ್ಳೆಯದು. ಇಲ್ಲದಿದ್ದರೆ ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳ ತಾಣವಾದ ವಿಕಿಮೀಡಿಯ ಕಾಮನ್ಸ್‌ನಿಂದ ಇಳಿಸಿಕೊಂಡು, ಆ ಚಿತ್ರ ಮಾಡಿದವರ ಹೆಸರು, ಲೈಸೆನ್ಸ್ ಎರಡೂ ಹಾಕಿ. ನಿಮ್ಮ ಸೈಟಿಗೂ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಇಡಿ. ಬೇರೆ ಶಾಲೆಗಳು ಹೆದರದೆ ಬಳಸಬಹುದು. ನಾಲ್ಕೂ ದೇಶದ ಪೋಷಕರಿಗೆ ಇದನ್ನು ಮೊದಲೇ ತಿಳಿಸಬೇಕು.

ಮೂಡಿಗೆರೆ ಮೇಡಂ

ಇಷ್ಟೆಲ್ಲ ಬರುತ್ತದೆ ಅಂತ ನಾನು ಅಂದುಕೊಂಡೇ ಇರಲಿಲ್ಲ. ಎಲ್ಲವನ್ನೂ ಇಂಗ್ಲಿಷಿಗೆ ಮಾಡಿ ಉಳಿದ ಮೂವರಿಗೆ ಕಳಿಸಿದೆ. ನಿನ್ನೆ ಸಂಜೆ ನಾಲ್ವರೂ ಮಾತಾಡಿದೆವು. ನಿರ್ಧಾರ ಆದದ್ದನ್ನು ಹೇಳುತ್ತೇನೆ.

ಐದೇ ಪುಟ. ಗಿಡದ ಪ್ರಯಾಣ, ಎಲೆ ತುಕ್ಕು, ಕೊಯ್ಲು ಮತ್ತು ಕೂಲಿ, ನೆರಳು ಮತ್ತು ಬಿಸಿಲು, ಒಂದು ಕಪ್ಪಿನ ಬೆಲೆ. ಗಂಟೆ ಮತ್ತು ಪಂಚಾಂಗದ ಪುಟ ಸಮಯ ಉಳಿದರೆ. ಪ್ರತಿ ಪುಟದ ಕೆಳಗೆ ಮಕ್ಕಳು ಒಬ್ಬರಿಗೊಬ್ಬರು ಕೇಳಿದ ಪ್ರಶ್ನೆಗಳನ್ನು ಹಾಗೇ ಇಡುತ್ತೇವೆ, ಉತ್ತರ ಸಿಗದ ಪ್ರಶ್ನೆಯನ್ನೂ. ಓದುವ ಮಕ್ಕಳು ಅಲ್ಲಿಂದ ಮುಂದುವರಿಸಬಹುದು. ಇದು ಜಿಮ್ಮಾದ ಶಿಕ್ಷಕರ ಸಲಹೆ, ನನಗೆ ಬಹಳ ಹಿಡಿಸಿತು.

ವಿಡಿಯೋ ಸಭೆ ಶುರುವಿಗೆ ಒಂದು, ಕೊನೆಗೆ ಒಂದು. ನಡುವೆ ಎಲ್ಲಾ ಬರಹದಲ್ಲೇ. ಜಿಮ್ಮಾದಲ್ಲೂ ನೆಟ್ ನಮ್ಮ ಹಾಗೆಯೇ ಬಂದು ಹೋಗುತ್ತದಂತೆ. ವಾರಕ್ಕೆ ಒಂದು ಸಲ ಪ್ರಶ್ನೆ ಕಳಿಸುವುದು, ಮುಂದಿನ ವಾರದೊಳಗೆ ಉತ್ತರ. ನೆಟ್ ಇಲ್ಲದ ದಿನ ಮಕ್ಕಳು ಕಾಗದದ ಮೇಲೆ ಬರೆಯುತ್ತಾರೆ. ನಿಜ ಹೇಳಬೇಕೆಂದರೆ ಕಾಗದದ ಮೇಲೆ ಬರೆದದ್ದೇ ಚೆನ್ನಾಗಿ ಬರುತ್ತದೆ.

ಭಾಷೆಯಲ್ಲಿ ಕಡೂರಿನವರ ಮಾತು ಉಳಿಯಿತು. ಮೊದಲ ಬರಹ ಅವರವರ ಭಾಷೆಯಲ್ಲಿ. ಐದೂ ಪುಟ ಕನ್ನಡದಲ್ಲಿ ಪೂರ್ತಿ ಇರುತ್ತದೆ, ಅದು ನಮ್ಮ ಶಾಲೆಯ ಹೊಣೆ. ಒಪ್ಪಿಗೆ ಪತ್ರ ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಮುಖದ ಫೋಟೋ ಇಲ್ಲ, ಹೆಸರಿಲ್ಲ. ಬೀಜ, ಎಲೆ, ಮಣ್ಣು ಕಳಿಸಬಾರದು ಅನ್ನುವುದನ್ನು ನಾಲ್ಕೂ ಶಾಲೆ ಮೊದಲ ನಿಯಮವಾಗಿ ಬರೆದುಕೊಂಡಿವೆ.

ಬ್ರೆಜಿಲ್ ಶಿಕ್ಷಕಿ ಆಲ್ದೂರಿನವರ ಪ್ರಶ್ನೆಯನ್ನು ತಮ್ಮ ತರಗತಿಯಲ್ಲಿ ಓದಿದರಂತೆ. ಒಬ್ಬ ಹುಡುಗ ತನ್ನ ಅಜ್ಜಿ ಕಾಫಿ ಕೊಯ್ಯುತ್ತಿದ್ದಳು, ಆಮೇಲೆ ಪಟ್ಟಣಕ್ಕೆ ಮನೆಗೆಲಸಕ್ಕೆ ಹೋದಳು ಅಂದನಂತೆ. ಅವನೇ ಅಜ್ಜಿಯನ್ನು ಮಾತಾಡಿಸಿ ಬರೆಯುತ್ತಾನೆ. ನಮ್ಮ ಕಡೆಯಿಂದ ಆ ಪುಟಕ್ಕೆ ಇಬ್ಬರು ಹುಡುಗಿಯರು ತಾವಾಗಿಯೇ ಮುಂದೆ ಬಂದಿದ್ದಾರೆ. ಇಬ್ಬರೂ ಲೈನ್ ಮನೆಯವರು. ಒಬ್ಬಳ ಮನೆಯವರು ಅಸ್ಸಾಮಿನಿಂದ ಬಂದವರು.

ಇನ್ನು ಬೇಕಾಗಿರುವುದು ಕಂಪ್ಯೂಟರ್. ಲ್ಯಾಬಿನಲ್ಲಿ ನಡೆಯುವುದು ಬೆರಳೆಣಿಕೆಯಷ್ಟು. ಹಳೆಯದಾದರೂ ಪರವಾಗಿಲ್ಲ, ಕೀಬೋರ್ಡ್ ಸರಿ ಇದ್ದರೆ ಸಾಕು.

ಆಲ್ದೂರು ಲೈನ್ ಮನೆ

ಆ ಅಜ್ಜಿಯ ಮಾತು ಬಂದ ದಿನ ನನಗೂ ಕಳಿಸಿ ಮೇಡಂ. ನಮ್ಮ ಅಮ್ಮನಿಗೆ ಓದಿ ಹೇಳಬೇಕು. ಆ ಹುಡುಗಿಯರು ಅಮ್ಮನನ್ನು ಮಾತಾಡಿಸಬೇಕು ಅಂದರೆ ನೀವೇ ಕರೆದುಕೊಂಡು ಬನ್ನಿ, ಭಾನುವಾರ ಮನೆಯಲ್ಲೇ ಇರುತ್ತಾಳೆ.

ಸಕಲೇಶಪುರ ವೆಬ್

ನಮ್ಮ ಆಫೀಸಿನಲ್ಲಿ ಬದಲಾಯಿಸಿದ ಲ್ಯಾಪ್‌ಟಾಪ್‌ಗಳಿವೆ. ಹಳೇ ಮಾಹಿತಿ ಎಲ್ಲ ಅಳಿಸಿ, ಉಚಿತವಾಗಿ ಸಿಗುವ ಉಬುಂಟು ತಂತ್ರಾಂಶ ಮತ್ತು ಕನ್ನಡ ಕೀಬೋರ್ಡ್ ಹಾಕಿ ಮುಂದಿನ ಶನಿವಾರ ಶಾಲೆಗೆ ತರುತ್ತೇನೆ. ಬ್ಯಾಟರಿ ಹೆಚ್ಚು ಹೊತ್ತು ಬರುವುದಿಲ್ಲ. ಕರೆಂಟ್ ಇರುವ ಹೊತ್ತು ಯಾವುದು ಅಂತ ಹೇಳಿ, ಅದೇ ಹೊತ್ತಿಗೆ ಬರುತ್ತೇನೆ. ಬೇಲೂರಿನವರು ಭೂಪಟ ತಂದರೆ ಮಕ್ಕಳ ಎದುರಲ್ಲೇ ಸ್ಕ್ಯಾನ್ ಮಾಡಿ ಮೊದಲ ಪುಟಕ್ಕೆ ಏರಿಸೋಣ.

ಬೇಲೂರು ಪಿಯುಸಿ

ತರುತ್ತೇನೆ. ಮಲಬಾರ್‌ನಿಂದ ಜಾವಾಕ್ಕೆ ಹೋಗುವ ಗೆರೆ ಹಾಕಿ ಆಯಿತು. ಜಿಮ್ಮಾದಿಂದ ಯೆಮೆನ್‌ಗೆ ಯಾವ ದಾರಿ ಅಂತ ಅಲ್ಲಿನ ಮಕ್ಕಳನ್ನೇ ಕೇಳಿ ಹಾಕಬೇಕು, ಆ ಜಾಗ ಖಾಲಿ ಬಿಟ್ಟಿದ್ದೇನೆ.